ಒಬ್ಬಳೇ ಕೂರಲು ಕಟ್ಟಿದ ಮರದ ಜಗಲಿ

ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ಯಾರ ಕಣ್ಣಿಗೂ ಬೀಳದೆ ಪುಸ್ತಕ ಓದಲು ನನಗೊಂದು ಜಾಗ ಬೇಕಿತ್ತು. ಇದು ದೊಡ್ಡ ಆಸೆಯೇನಲ್ಲ. ಒಂದು ಗೋಡೆ ಬೇಕು, ನಾಲ್ಕು ಹಲಗೆ ಬೇಕು, ಜನ ಬೇಡ. ಅಷ್ಟೇ!

ಸಾಗರದಲ್ಲಿ ನಾವಿರುವುದು ಬಾಡಿಗೆ ಮನೆ. ಮುಂಭಾಗದಲ್ಲಿ ಮನೆಯೊಡತಿ ಗಿರಿಜಕ್ಕ, ಹಿಂಭಾಗದಲ್ಲಿ ನಾನು ಮತ್ತು ನನ್ನ ಗಂಡ ಸುಮಂತ. ಗಿರಿಜಕ್ಕ ತುಂಬಾ ಒಳ್ಳೆಯವರು. ಅದೇ ತೊಂದರೆ. ಮುಂದಿನ ಜಗಲಿಯಲ್ಲಿ ಪುಸ್ತಕ ತೆರೆದರೆ ಸಾಕು, ಬಂದು ಪಕ್ಕದಲ್ಲಿ ಕೂರುತ್ತಾರೆ.

"ಎಂತ ಓದ್ತಾ ಇದೀಯೇ? ಪರೀಕ್ಷೆಗಾ?"

"ಇಲ್ಲ ಗಿರಿಜಕ್ಕ, ನಾನೀಗ ಕಾಲೇಜಲ್ಲಿ ಪಾಠ ಮಾಡ್ತೀನಲ್ಲ."

"ಮತ್ತೆಂತಕ್ಕೆ ಓದ್ತೀಯೇ, ಪಾಪ!"

ಮನೆಯ ಹಿಂದೆ, ನೀರಿನ ಟ್ಯಾಂಕಿಗೂ ಕರಿಬೇವಿನ ಗಿಡಕ್ಕೂ ನಡುವೆ, ಗೋಡೆಯ ಮಗ್ಗುಲಲ್ಲಿ ಒಂದು ಜಾಗವಿದೆ. ರಸ್ತೆಯಿಂದ ಕಾಣುವುದಿಲ್ಲ. ಆದರೆ ನೆಲ ಸದಾ ತೇವ. ಅಲ್ಲಿ ಗೇಣೆತ್ತರದ ಮರದ ಜಗಲಿಯೊಂದನ್ನು ಸ್ವಂತ ಕೈಯಿಂದ ಕಟ್ಟುವುದೆಂದು ತೀರ್ಮಾನಿಸಿದೆ.

"ಒಂದು ಕುರ್ಚಿ ಹಾಕ್ಕೊಂಡ್ರೆ ಆಗಲ್ವಾ?" ಎಂದ ಸುಮಂತ.

"ಕುರ್ಚಿ ಕಂಡ್ರೆ ಗಿರಿಜಕ್ಕ ಇನ್ನೊಂದು ಕುರ್ಚಿ ತರ್ತಾರೆ."

ಅವನು ಹೋಗಿ ಅಳತೆ ಟೇಪು ತಂದುಕೊಟ್ಟ.

ನಾನು ರಸಾಯನಶಾಸ್ತ್ರ ಓದಿದವಳು. ಮರ ಏಕೆ ಕೊಳೆಯುತ್ತದೆ, ಗೋಡೆಯ ತೇವ ಅದಕ್ಕೆ ಹೇಗೆ ಹತ್ತುತ್ತದೆ, ಗೆದ್ದಲು ಯಾವ ದಾರಿಯಿಂದ ಬರುತ್ತದೆ ಎಂಬುದನ್ನೆಲ್ಲ ಆಳವಾಗಿ ಅಭ್ಯಾಸ ಮಾಡಿದೆ. ಹೀಗೆ ಓದುತ್ತ ಹೋದಂತೆ ನನ್ನ ಕುತೂಹಲ ಬೆಳೆಯಿತು. ಅದರ ಜೊತೆಗೆ ಧೈರ್ಯವೂ ಬೆಳೆಯಿತು. ಅದು ಬೆಳೆಯಬಾರದಿತ್ತು.

ಮೊದಲ ಯೋಜನೆ ಸರಳವಾಗಿತ್ತು. ಚೌಕಟ್ಟಿನ ಒಂದು ಬದಿಯನ್ನು ಬೋಲ್ಟು ಹಾಕಿ ಗೋಡೆಗೇ ಬಿಗಿಯುವುದು, ಇನ್ನೊಂದು ಬದಿಗೆ ಕಾಲು ಕೊಡುವುದು. ಗಿರಿಜಕ್ಕ ಸಂತೆಗೆ ಹೋದ ಸಮಯ ನೋಡಿ ಗೋಡೆಯ ಬುಡಕ್ಕೆ ಡ್ರಿಲ್ ಇಟ್ಟೆ. ಹಳೆಯ ಕೆಂಪುಕಲ್ಲು; ಕುಂಕುಮದಂಥ ಪುಡಿ ಸುರಿಯಿತು. ಬೋಲ್ಟು ಹಾಕಿ ತಿರುಗಿಸಿದೆ. ತಿರುಗಿತು. ತಿರುಗುತ್ತಲೇ ಇತ್ತು. ಎಳೆದರೆ ಕೈಗೇ ಬಂತು! ಪಕ್ಕದಲ್ಲಿ ದೊಡ್ಡ ತೂತು ಹೊಡೆದು ದೊಡ್ಡ ಬೋಲ್ಟು ಹಾಕಿದೆ. ಅದೂ ಬಂತು. ಗೋಡೆಯೇ ಬರುವ ಮುನ್ನ ನಿಲ್ಲಿಸಿ, ಪುಡಿ ಗುಡಿಸಿ ಒಳಗೆ ಹೋದೆ.

ಬೆಳಿಗ್ಗೆ ಗಿರಿಜಕ್ಕನ ಕೂಗು ಕೇಳಿಸಿತು. "ಹೆಗ್ಗಣ ಮಾರಾಯ್ತಿ! ಪಾಯಕ್ಕೇ ಬಾಯಿ ಹಾಕಿದೆ!"

ಕೊಬ್ಬರಿ ಚೂರು ಸಿಕ್ಕಿಸಿದ ಬೋನು ಅಲ್ಲಿಗೆ ಬಂತು. ನಾನು ಗಂಭೀರವಾಗಿ ಬೋನನ್ನು ನೋಡಿದೆ. ಸಂಜೆ ಗಿರಿಜಕ್ಕ ಬಗ್ಗಿ ತೂತುಗಳನ್ನು ಪರೀಕ್ಷಿಸಿ, ನಿಧಾನವಾಗಿ ನನ್ನ ಕಡೆ ತಿರುಗಿದರು.

"ಅಲ್ಲಾ, ಹಿಂಗೆ ಸಾಲಾಗಿ, ರೌಂಡಾಗಿ ತೂತು ಹೊಡೆಯಕ್ಕೆ ಈ ಹೆಗ್ಗಣ ಯಾವ ಕಾಲೇಜಲ್ಲಿ ಕಲ್ತಿತೇ?"

ಹೆಗ್ಗಣ ತಲೆ ತಗ್ಗಿಸಿತು. ಅವರು ಬೈಯಲಿಲ್ಲ. ತೀರ್ಪು ಮಾತ್ರ ಕೊಟ್ಟರು.

"ಏನಾರ ಕಟ್ಕ. ನನ್ನ ಗೋಡೆ ಮುಟ್ಬೇಡ. ಸೂರಿನ ನೀರು ಹೋಗೋ ಚರಂಡಿಲೂ ಎಂತದೂ ಇಡ್ಬೇಡ."

ಗೋಡೆಯ ಬುಡದುದ್ದಕ್ಕೂ ಸೂರಿನ ನೀರು ಹರಿಯುವ ಅಗಲವಾದ ಚರಂಡಿ ಇದೆ. ನಮ್ಮ ಕಡೆ ಮದುವೆಯ ಮುಹೂರ್ತ ತಪ್ಪಿದರೂ ಕ್ಷಮೆ ಇದೆ, ಸೂರಿನ ನೀರಿನ ದಾರಿ ತಪ್ಪಿಸಿದವರಿಗೆ ಇಲ್ಲ. ಹಾಗಾಗಿ ಎರಡನೆಯ ಯೋಜನೆ ಸಿದ್ಧವಾಯಿತು: ಗೋಡೆಯ ಆಶ್ರಯವೇ ಬೇಡ, ಚೌಕಟ್ಟು ತನ್ನ ಕಾಲ ಮೇಲೆ ತಾನೇ ನಿಲ್ಲಲಿ! ಕಾಲುಗಳನ್ನು ಚರಂಡಿಯಿಂದ ಈಚೆಗೆ ಕೊಟ್ಟೆ. ಚೌಕಟ್ಟು ಮಾತ್ರ ಚರಂಡಿಯ ಮೇಲಿಂದ ಹಾದು ಗೋಡೆಯತ್ತ ಚಾಚಿತು. ತೇವ ಹತ್ತದಂತೆ ಗೋಡೆಗೂ ಮರಕ್ಕೂ ನಾಲ್ಕು ಬೆರಳು ಅಂತರ ಬಿಟ್ಟೆ. ಗೆದ್ದಲಿನ ಭಯದಿಂದ ಕಾಲುಗಳನ್ನು ಹೂಳದೆ ಚಪ್ಪಡಿ ಕಲ್ಲುಗಳ ಮೇಲೆ ಸುಮ್ಮನೆ ಇಟ್ಟೆ. ಮೇಲೆ ಅಕೇಶಿಯಾ ಹಲಗೆ ಜೋಡಿಸಿದೆ. ನೋಡಲು ಚೆನ್ನಾಗಿತ್ತು.

ಹೊಸನಗರದ ಕೆಲಸ ಮುಗಿಸಿ ಬಂದ ಸುಮಂತ ಬಗ್ಗಿ ನೋಡಿದ. "ಗೋಡೆ ಕಡೆ ಕಾಲೇ ಇಲ್ವಲ್ಲೇ?"

"ಇದೆ. ಸ್ವಲ್ಪ ಈಚೆಗಿದೆ. ಅಲ್ಲಿಂದ ಗೋಡೆವರೆಗಿನದು ಹೊರಚಾಚು, ಕಾಲಿಲ್ದೇ ನಿಲ್ಲುತ್ತೆ."

"ಅದು ಹೊರಚಾಚು ಅಂತ ಅದಕ್ಕೆ ಗೊತ್ತಾ?"

ನಾನು ಮಧ್ಯದಲ್ಲಿ ನಿಂತು ಕುಣಿದು ತೋರಿಸಿದೆ. ಅಲುಗಲಿಲ್ಲ. ಮಧ್ಯದಲ್ಲಿ ಅಲುಗಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸಬೇಕು.

ಭಾನುವಾರ ಸುಮಂತ ತೀರ್ಥಹಳ್ಳಿಗೆ ಗೃಹಪ್ರವೇಶಕ್ಕೆ ಹೋದ. ನಾನು ತಲೆನೋವೆಂದು ತಪ್ಪಿಸಿಕೊಂಡು, ಕಾದಂಬರಿ ಹಿಡಿದು ಜಗಲಿ ಏರಿದೆ. ಹಾಯಾಗಿ ಹಿಂದೆ ಸರಿದು ಗೋಡೆಗೆ ಬೆನ್ನು ಕೊಟ್ಟೆ.

ಎದುರಿನ ತುದಿ ಎದ್ದಿತು. ಅವಸರವಿಲ್ಲದೆ, ಮೇಷ್ಟ್ರನ್ನು ಕಂಡ ವಿದ್ಯಾರ್ಥಿಯಂತೆ ವಿನಯದಿಂದ ಎದ್ದಿತು. ಏನಾಗುತ್ತಿದೆ ಎಂದು ನಾನು ಆಸಕ್ತಿಯಿಂದ ನೋಡುತ್ತಿದ್ದಂತೆ ನನ್ನ ಕಡೆಯ ತುದಿ ಚರಂಡಿಗಿಳಿಯಿತು. ನಾನು ಜಾರಿ ಹಲಗೆಗೂ ಗೋಡೆಗೂ ನಡುವೆ ಮಡಚಿಕೊಂಡೆ. ಕಾಲು ಮೇಲೆ, ಉಳಿದ ನಾನು ಕೆಳಗೆ!

ಪರಿಸ್ಥಿತಿ ಕುತೂಹಲಕರವಾಗಿತ್ತು. ವೇಲಿನ ತುದಿ ಚೌಕಟ್ಟಿನ ಅಡಿ ಸಿಕ್ಕಿಬಿದ್ದಿತ್ತು. ವೇಲು ಬಿಡಬೇಕಾದರೆ ಚೌಕಟ್ಟು ಏಳಬೇಕು. ಚೌಕಟ್ಟು ಏಳಬೇಕಾದರೆ ನಾನು ಏಳಬೇಕು. ನಾನು ಏಳಬೇಕಾದರೆ ವೇಲು ಬಿಡಬೇಕು. ವೇಲಿನ ಪಿನ್ನು ತೆಗೆಯೋಣವೆಂದರೆ ಅದು ಭುಜದ ಹಿಂದೆ, ಗೋಡೆಗೆ ಒತ್ತಿಕೊಂಡಿತ್ತು. ಮರದ ಆಯುಷ್ಯದ ಬಗ್ಗೆ ಎಲ್ಲವನ್ನೂ ಯೋಚಿಸಿದ್ದೆ. ಅದರ ಮೇಲೆ ಒಬ್ಬರು ಕೂರುತ್ತಾರೆ ಎಂಬುದೊಂದು ಬಿಟ್ಟುಹೋಗಿತ್ತು.

ದೂರದಲ್ಲಿ ತಾಳಗುಪ್ಪದ ರೈಲು ಕೂಗಿತು. ನಾನು ಕೂಗಲಿಲ್ಲ. ಮಾನ ದೊಡ್ಡದು. ಆದರೆ ಸೊಂಟ ಅದಕ್ಕಿಂತ ದೊಡ್ಡದು ಎಂದು ಸ್ವಲ್ಪ ಹೊತ್ತಿನಲ್ಲೇ ಅನ್ನಿಸಿತು.

"ಗಿರಿಜಕ್ಕಾ..." ಹಾಜರಿ ಕರೆಯುವ ದನಿಯಲ್ಲಿ ಕರೆದೆ. ಬರಲಿಲ್ಲ. "ಗಿರಿಜಕ್ಕೋ!"

ಬಾಯಲ್ಲಿ ಎಲೆಯಡಿಕೆಯ ಕವಳ ತುಂಬಿಕೊಂಡೇ ಓಡಿ ಬಂದರು. "ಅಯ್ಯೋ ಶಿವನೇ! ಎಂತದೇ ಇದು, ಯೋಗಾಸನನಾ?"

"ಅಲ್ಲ. ಓದ್ತಾ ಇದ್ದೆ."

"ಕಾಲು ಮೇಲೆ ಮಾಡ್ಕಂಡಾ?"

ಅಷ್ಟು ಕೇಳಿ, ನಗುವಿನ ಭಾರ ತಾಳಲಾರದೆ, ಎದ್ದು ನಿಂತಿದ್ದ ಆ ತುದಿಯ ಮೇಲೆ ಕುಸಿದು ಕೂತರು. ಢಬ್! ಜಗಲಿ ಸಮವಾಯಿತು. ವೇಲು ಬಿಟ್ಟಿತು. ನಾನು ಮೇಲೆ ಬಂದೆ. ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ನಾನು.

ಗಿರಿಜಕ್ಕ ಸುತ್ತ ನೋಡಿದರು. "ಹೌದನೇ, ಎಷ್ಟು ತಂಪಾಗಿದೆ ಇಲ್ಲಿ! ನಮ್ಮನೆ ಹಿಂದೆ ಕೂತ್ರೆ ಇಷ್ಟು ಹಾಯಿ ಅಂತ ಗೊತ್ತೇ ಇರ್ಲಿಲ್ಲ. ಬತ್ತೀನಿ, ನೀ ಓದ್ಕ."

ಅವರು ಏಳಹೊರಟರು. ನನ್ನ ಕೆಳಗಿನ ಹಲಗೆ ಕದಲಿತು.

"ಏಳ್ಬೇಡಿ ಗಿರಿಜಕ್ಕ! ದಯವಿಟ್ಟು ಕೂತ್ಕೊಳ್ಳಿ!"

ಅವರ ಕಣ್ಣು ಒದ್ದೆಯಾಯಿತು. "ಇಷ್ಟು ಪ್ರೀತಿಯಿಂದ ಯಾರೂ ನನ್ನ ಕೂರಿಸ್ಕಂಡಿರ್ಲಿಲ್ಲ ಮಾರಾಯ್ತಿ." ಕವಳ ಸರಿಮಾಡಿಕೊಂಡು ಭದ್ರವಾಗಿ ಕೂತರು.

ಸಂಜೆ ಸುಮಂತ ಬಂದವನು ಹೊಟ್ಟೆ ಹಿಡಿದು ನಕ್ಕ. "ಆ ತುದಿಗೆ ಎರಡು ದೊಡ್ಡ ಕಲ್ಲು ಹೇರಿದ್ರೆ ಮುಗೀತು."

"ಕಲ್ಲು ಎಂತಕ್ಕೆ?" ಎಂದರು ಗಿರಿಜಕ್ಕ. "ನಾನಿಲ್ವಾ!"

'ನಿಮಗಿಂತ ಕಲ್ಲು ವಾಸಿ' ಎಂದು ಯಾವ ಭಾಷೆಯಲ್ಲಿ ಹೇಳುವುದು? ಈಗ ದಿನವೂ ಸಂಜೆ ನನಗಿಂತ ಮೊದಲು ಅವರೇ ಬಂದು ಕೂತಿರುತ್ತಾರೆ. ಕಾದಂಬರಿಯನ್ನು ಗಟ್ಟಿಯಾಗಿ ಓದಬೇಕು. ನಾಯಕಿಯ ಪ್ರತಿಯೊಂದು ನಿರ್ಧಾರಕ್ಕೂ ಅವರ ಒಪ್ಪಿಗೆ ಬೇಕು. ಅವಳು ಇನ್ನೂ ಮನೆ ಬಿಟ್ಟು ಹೊರಟಿಲ್ಲ, ಗಿರಿಜಕ್ಕ ಬಿಟ್ಟಿಲ್ಲ.

ಮೊನ್ನೆ ಓದು ನಡೆಯುತ್ತಿದ್ದಾಗ, "ಅಯ್ಯೋ, ಒಲೆ ಮೇಲೆ ಹಾಲು!" ಎಂದು ದಡಕ್ಕನೆ ಎದ್ದು ಓಡಿದರು. ನಾನು ಮತ್ತೆ ಚರಂಡಿಗೆ ಇಳಿದೆ. ಹಾಲು ಉಕ್ಕಿರಬೇಕು, ಅವರು ಬೇಗ ಬರಲಿಲ್ಲ. ಪುಸ್ತಕ ಕೈಯಲ್ಲೇ ಇತ್ತು. ಬೆನ್ನು ಗೋಡೆಗಿತ್ತು. ಸುತ್ತ ಯಾರೂ ಇರಲಿಲ್ಲ. ಕಾಲು ಆಕಾಶದ ಕಡೆಗಿತ್ತು ಎಂಬುದನ್ನು ಬಿಟ್ಟರೆ ಎಲ್ಲವೂ ನಾನು ಬಯಸಿದಂತೆಯೇ ಇತ್ತು.

ಒಂದು ಅಧ್ಯಾಯ ಪೂರ್ತಿ ಓದಿದೆ.