ಹತ್ತೊಂಬತ್ತನೇ ಶತಮಾನದಲ್ಲಿ ನಮ್ಮ ಭಾವ

ನಮ್ಮ ಭಾವ ಹತ್ತೊಂಬತ್ತನೇ ಶತಮಾನದಲ್ಲಿ ಕೆಲಸ ಮಾಡುತ್ತಾರೆ. ತಮಾಷೆಯಲ್ಲ, ನಿಜವಾಗಿಯೂ! ಬೆಳಿಗ್ಗೆ ಸಿಡ್ನಿಯ ರೌಸ್ ಹಿಲ್‌ನ ಮನೆಯಿಂದ ಕಾರಿನಲ್ಲಿ ಹೊರಟು ಮುಕ್ಕಾಲು ಗಂಟೆಯಲ್ಲಿ ಅಲ್ಲಿಗೆ ತಲುಪುತ್ತಾರೆ, ಸಂಜೆ ಬರುವಾಗ ಕೊತ್ತಂಬರಿ ಸೊಪ್ಪು ತರುತ್ತಾರೆ. ನಾವೆಲ್ಲ ಮುಂದೆ ಬರಬೇಕೆಂದು ಆಸ್ಟ್ರೇಲಿಯಾಕ್ಕೆ ಬಂದವರು. ಇಷ್ಟು ದೂರ ವಿಮಾನ ಹತ್ತಿ ಬಂದು ಹಿಂದಕ್ಕೆ ಹೋದವರು ನನಗೆ ತಿಳಿದಂತೆ ಇವರೊಬ್ಬರೇ.

ವಿಷಯ ಇಷ್ಟೇ. ಊರಾಚೆ ಒಂದು ಹಳೆಯ ಕಾಲದ ಫಾರ್ಮ್ ಇದೆ, ಇಡೀ ಫಾರ್ಮೇ ಒಂದು ಮ್ಯೂಸಿಯಂ. ಬೇರೆ ಕಡೆ ವಸ್ತುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರೆ, ಇಲ್ಲಿ ಮನುಷ್ಯರಿಗೇ ಹಳೆಯ ವೇಷ ಹಾಕಿ ದುಡಿಸುತ್ತಾರೆ. ಟಿಕೆಟ್ ಕೊಂಡವರು ನಿಂತು ನೋಡುತ್ತಾರೆ. ಭಾವ ಅಲ್ಲಿ ಆಳು. ಸಗಣಿ ಎತ್ತಬೇಕು, ಹುಲ್ಲು ಹಾಕಬೇಕು, ಬೇಲಿ ಕಟ್ಟಬೇಕು, ಹಾಲು ಕರೆಯಬೇಕು. ಗೇಟಿನೊಳಗೆ ಮೊಬೈಲಿಲ್ಲ, ವಾಚಿಲ್ಲ. ಸೂರ್ಯನನ್ನು ನೋಡಿ ಟೈಮ್ ಹೇಳುವುದನ್ನು ಭಾವ ಎಷ್ಟು ಶ್ರದ್ಧೆಯಿಂದ ಕಲಿತರೆಂದರೆ, ಮೋಡ ಕವಿದ ಒಂದು ದಿನ ಮಗಳ ಸ್ಕೂಲ್ ಕಾನ್ಸರ್ಟ್ ಮುಗಿದ ಮೇಲೆ ಹೋಗಿ ಖಾಲಿ ಸಭಾಂಗಣದಲ್ಲಿ ಚಪ್ಪಾಳೆ ತಟ್ಟಿ ಬಂದರು!

ಹೋಗಲಿ, ಹಸು ಕಟ್ಟಿದ ಮನೆಯವರೋ? ರಾಜಾಜಿನಗರದಲ್ಲಿ ಪ್ಯಾಕೆಟ್ ಹಾಲು ಕುಡಿದು ಬೆಳೆದವರು. ಬೆಂಗಳೂರಿನಲ್ಲಿ ಅವರ ಅಣ್ಣನ ಗೃಹಪ್ರವೇಶಕ್ಕೆ ಹಸು ಬಾಗಿಲಿಗೆ ಬಂದಾಗ ಇವರು ಪುರೋಹಿತರ ಹಿಂದೆ ಅವಿತುಕೊಂಡಿದ್ದಕ್ಕೆ ಫೋಟೋ ಸಾಕ್ಷಿ ಇದೆ. ರೌಸ್ ಹಿಲ್‌ನಲ್ಲಿ ತಮ್ಮದೇ ಗೃಹಪ್ರವೇಶಕ್ಕೆ ಹಸು ಸಿಗದೆ, ಅಂಗೈಯಗಲದ ಬೆಳ್ಳಿ ಹಸುವನ್ನು ಮನೆಯೊಳಗೆ ತಂದಾಗ ಎಲ್ಲರಿಗಿಂತ ಹೆಚ್ಚು ಸಮಾಧಾನಪಟ್ಟವರೂ ಇವರೇ.

ಮ್ಯಾಕ್ವೆರಿ ಪಾರ್ಕ್‌ನ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದರು. ಒಂದು ದಿನ ಕಂಪನಿಯವರು ಇವರನ್ನೂ ಇವರ ಇಡೀ ಟೀಮನ್ನೂ ಮನೆಗೆ ಕಳಿಸಿದರು. ಕೆಲವು ತಿಂಗಳ ನಂತರ ಮಗಳನ್ನು ಈ ಫಾರ್ಮ್ ತೋರಿಸಲು ಕರೆದೊಯ್ದವರು, ಹುಲ್ಲು ಒಟ್ಟಲು ಎರಡು ವಾರಕ್ಕೆ ಜನ ಬೇಕೆಂಬ ಬೋರ್ಡ್ ನೋಡಿ ಸೇರಿಕೊಂಡರು. ಮೂರು ವರ್ಷವಾಯಿತು, ಆ ಎರಡು ವಾರ ಇನ್ನೂ ಮುಗಿದಿಲ್ಲ. ಮನೆ ಸಾಲದ ಕಂತು ಅಕ್ಕನ ಸಂಬಳದಲ್ಲಿ ನಡೆಯುತ್ತಿದೆ. ಯುಗಾದಿ ಫಂಕ್ಷನ್ನಿನಲ್ಲಿ ಯಾರಾದರೂ, "ನಿಮ್ಮೋರು ಎಲ್ಲಿ ವರ್ಕ್ ಮಾಡ್ತಿದಾರೆ?" ಎಂದರೆ ಅಕ್ಕ, "ಹೆರಿಟೇಜ್ ಸೆಕ್ಟರ್" ಎಂದು ಹೇಳಿ ಬೇಗ ಪುಳಿಯೋಗರೆಯ ಕಡೆ ನಡೆದುಬಿಡುತ್ತಾಳೆ.

ಭಾವನ ಪಾಲಿಗೆ ಬಂದದ್ದು ಒಂದು ಜರ್ಸಿ ಹಸು. ಬೋರ್ಡಿನ ಮೇಲೆ ಅದರ ಹೆಸರು ಡಾಟಿ, ಭಾವನ ಬಾಯಲ್ಲಿ ಪುಟ್ಟಮ್ಮ. ಹಾಲು ಕರೆಯುವಷ್ಟು ಹೊತ್ತೂ ಅದರೊಂದಿಗೆ ಕನ್ನಡದಲ್ಲೇ ಮಾತು. ಮನೆಯಲ್ಲಿ "ಊಟ ಆಯ್ತೇನಮ್ಮಾ?" ಎಂದರೆ ಮಗಳು "ನಾಟ್ ಹಂಗ್ರಿ, ಡ್ಯಾಡ್" ಎನ್ನುತ್ತಾಳೆ. ಹಸು ಕನ್ನಡಕ್ಕೆ ಕಿವಿ ನಿಮಿರಿಸುತ್ತದೆ. ಮನುಷ್ಯ ಎಲ್ಲಿ ಹೆಚ್ಚು ಮಾತಾಡಿಯಾನು, ನೀವೇ ಹೇಳಿ!

ಒಂದು ಸಂಕ್ರಾಂತಿಗೆ ಪುಟ್ಟಮ್ಮನ ಮೈಗೆಲ್ಲ ಅರಿಶಿನ ಬಳಿದರು. ಟಿಕೆಟ್ ಕೊಂಡು ಬಂದವರು ಹಸುವಿಗೆ ಕಾಮಾಲೆ ಎಂದು ದೂರು ಕೊಟ್ಟರು. ಸಾಲದ್ದಕ್ಕೆ ಕಿಚ್ಚು ಹಾಯಿಸಬೇಕೆಂಬ ಹಟ. ಇಲ್ಲಿ ಜನವರಿ ಎಂದರೆ ಉರಿಬೇಸಿಗೆ, ಅವತ್ತು ಊರಿಗೆಲ್ಲ ಬೆಂಕಿ ನಿಷೇಧ, ಕಡ್ಡಿ ಗೀರಿದರೂ ಪೊಲೀಸು. ಭಾವ ಸೋಲುವವರೇ? ಅಕ್ಕಿಹಿಟ್ಟಿಗೆ ಕುಂಕುಮ ಬೆರೆಸಿ ನೆಲದ ಮೇಲೆ ಬೆಂಕಿಯ ರಂಗೋಲಿ ಬಿಟ್ಟು, ಅದನ್ನೇ ದಾಟಿಸಲು ಹೋದರು. ಪುಟ್ಟಮ್ಮ ಕಿಚ್ಚು ಹಾಯಲಿಲ್ಲ, ಪೂರ್ತಿ ನೆಕ್ಕಿಹಾಕಿತು.

ಹೀಗಿರುವಾಗ ಹೋದ ತಿಂಗಳು ಭಾವನ ಕಾಲು ಮುರಿಯಿತು. ಗೂಳಿಗೆ ಜಗ್ಗದ, ಕುದುರೆಗೆ ಹೆದರದ ಮನುಷ್ಯ ಸ್ವಂತ ಬಾತ್‌ರೂಮಿನ ಸೋಪಿನ ಮೇಲೆ ಕಾಲಿಟ್ಟು ಬಿದ್ದರು. ನಾನು ಮೆಲ್ಬರ್ನ್‌ನಿಂದ ಓಡಿಬಂದೆ. ಬರಿಗೈಯಲ್ಲಿ ಅಲ್ಲ, ಗ್ಲೆನ್ ವೇವರ್ಲಿಯ ನಮ್ಮ ಪಕ್ಕದ ಮನೆಯವರ ಕಂಪನಿಯಲ್ಲಿ ಭಾವನಿಗೆ ಒಂದು ಟೆಸ್ಟಿಂಗ್ ಕೆಲಸ ಮಾತಾಡಿಕೊಂಡೇ ಬಂದೆ. ಮನೆಯಿಂದಲೇ ಮಾಡಬಹುದಾದ ಕೆಲಸ.

"ಕಾಲು ಮುರ್ದಿದ್ದೇ ಒಳ್ಳೇದಾಯ್ತು ಕಣೇ ಅಕ್ಕ, ಇದೇ ನೆಪದಲ್ಲಿ ಆ ಸಗಣಿ ಬಿಡಿಸಿಬಿಡೋಣ" ಎಂದೆ. ಅಕ್ಕ ಕಾಫಿ ಫ್ಲಾಸ್ಕ್ ಎತ್ತಿಕೊಂಡು ಆಸ್ಪತ್ರೆಯ ವಾರ್ಡಿನೊಳಗೆ ನಡೆದಳು.

ಅಷ್ಟರಲ್ಲಿ ಅಕ್ಕನಿಗೆ ಫಾರ್ಮಿನ ಮ್ಯಾನೇಜರಿಂದ ಫೋನ್. ಪುಟ್ಟಮ್ಮ ಎರಡು ದಿನದಿಂದ ಯಾರಿಗೂ ಸರಿಯಾಗಿ ಹಾಲು ಬಿಡುತ್ತಿಲ್ಲ, ಕೆಚ್ಚಲು ಕಲ್ಲಾಗಿದೆ, ಮುಟ್ಟಿದರೆ ಒದೆಯುತ್ತದೆ. ಹೀಗೇ ಆದರೆ ಜನರ ಮುಂದೆ ನಿಲ್ಲಿಸಲಾಗದು, ಬೇರೆ ಕಡೆ ಸಾಗಿಸಬೇಕಾಗುತ್ತದೆ. ಹಾಲು ಕರೆಯುವಾಗ ನಿಮ್ಮ ಯಜಮಾನರು ಅದಕ್ಕೆ ಏನು ಹೇಳುತ್ತಿದ್ದರು ಎಂದು ಕೇಳಿದರು.

ಅಕ್ಕ ಅದನ್ನೇ ಕೇಳಿದರೆ ಭಾವ ಆಸ್ಪತ್ರೆಯ ಮಂಚದಲ್ಲಿ ಮದುಮಗಳಂತೆ ನಾಚಿದರು. "ಏನಿಲ್ಲಮ್ಮ, ಸುಮ್ನೆ... ಮನೆ ವಿಷ್ಯ." ಮ್ಯಾನೇಜರು ನಿಯಮ ಮುರಿದು ಕೊಟ್ಟಿಗೆಗೆ ಮೊಬೈಲ್ ತಂದು ಭಾವನ ದನಿ ಕೇಳಿಸಿದರು. ಪುಟ್ಟಮ್ಮ ನಾಲ್ಕೂ ಕಡೆ ತಿರುಗಿ ಹುಡುಕಿತು, ಆಳು ಕಾಣದೆ ಸಿಟ್ಟಾಗಿ ಬಕೆಟ್ಟನ್ನು ಒದ್ದಿತು. ಭಾವ ಪ್ಲಾಸ್ಟರ್ ಕಟ್ಟಿದ ಕಾಲು ಇಳಿಸಿಕೊಂಡು ಹೊರಟೇಬಿಟ್ಟರು.

"ನೀವು ಮಲಕ್ಕೊಳ್ರೀ!" ಎಂದು ಅಕ್ಕ ಗದರಿದಳು. "ನಾನ್ ಹೋಗ್ತೀನಿ."

ಹೋದೆವು. ಜನ ಟಿಕೆಟ್ ಕೊಂಡು ಬಂದಿದ್ದರಿಂದ ವೇಷ ಹಾಕದೆ ಒಳಗೆ ಬಿಡುವಂತಿರಲಿಲ್ಲ. ನಮ್ಮಕ್ಕ, ಔಷಧಿ ಕಂಪನಿಯ ಮ್ಯಾನೇಜರು, ನೆಲ ಗುಡಿಸುವ ಲಂಗ ತೊಟ್ಟು, ಗಲ್ಲಕ್ಕೆ ಕಟ್ಟುವ ಬಿಳಿ ಟೋಪಿ ಹಾಕಿ ಹಸುವಿನ ಮುಂದೆ ನಿಂತಳು! ನಾನು ಕಷ್ಟಪಟ್ಟು ನಗು ತಡೆದೆ. ಒಬ್ಬ ಹುಡುಗಿ ಬಕೆಟ್ ಹಿಡಿದು ಹಾಲು ಕರೆಯಲು ಕೂತಳು. ಅಕ್ಕ ಮೊದಲು ಮೀಟಿಂಗ್ ಶುರುಮಾಡುವವಳಂತೆ ಕೆಮ್ಮಿ, "ಪುಟ್ಟಮ್ಮ... ಸ್ವಲ್ಪ ಕೋಆಪರೇಟ್ ಮಾಡಮ್ಮ" ಎಂದಳು. ಪುಟ್ಟಮ್ಮ ಮುಖ ತಿರುಗಿಸಿತು. ಬೇಲಿಯಾಚೆ ಒಬ್ಬ ಅಜ್ಜ ಇದು ಯಾವ ಭಾಷೆ ಎಂದು ಕೇಳಿದ. "ಈ ಹಸುವಿನ ಭಾಷೆ" ಎಂದಳು ಬಕೆಟ್ ಹುಡುಗಿ.

ಅಕ್ಕ ಇನ್ನಷ್ಟು ಹತ್ತಿರ ಹೋಗಿ ದನಿ ಇಳಿಸಿದಳು.

"ಅವ್ರು ಈಗ ಬರಕ್ಕಾಗಲ್ಲ ಕಣೇ. ಕಾಲ್ ಮುರ್ಕೊಂಡಿದಾರೆ. ನಾನು ಊಟ ಮಾಡಿದ್ನಾ ಅಂತ ಒಂದ್ಸಲಾನೂ ಕೇಳ್ಲಿಲ್ಲ, ನಿನ್ನೇ ಕೇಳ್ತಿದಾರೆ." ಹಸು ಕಿವಿ ತಿರುಗಿಸಿತು. "ಕೆಲ್ಸ ಹೋದಾಗ ಹೇಗಿದ್ರು ಗೊತ್ತಾ? ಗೋಡೆ ನೋಡ್ಕೊಂಡು ಕೂತಿರೋರು. ಮಾತಿಲ್ಲ, ಊಟ ಇಲ್ಲ. ಸಂಜೆ ಟ್ರೈನಲ್ಲಿ ಬರುವಾಗ, ಮನೇಲಿ ಜೀವಂತ ಇರ್ತಾರೋ ಇಲ್ವೋ ಅಂತ ಸ್ಟೇಷನ್ ಸ್ಟೇಷನ್ನಿಗೂ ಫೋನ್ ಮಾಡ್ತಿದ್ದೆ. ನೀನು ಎಬ್ಬಿಸ್ದೆ ಅವ್ರನ್ನ. ನಾನು ಯಾರಿಗೂ ಹೇಳಿಲ್ಲ ಇದನ್ನ."

ನನಗೂ ಹೇಳಿರಲಿಲ್ಲ. ಇಷ್ಟು ಹೊತ್ತು ನಾನು ನಿಮ್ಮನ್ನು ನಗಿಸುತ್ತಿದ್ದ ಆ ಮನುಷ್ಯ ಅಂಥ ದಿನಗಳನ್ನು ದಾಟಿ ಬಂದವರೆಂದು ನನಗೆ ಆ ಕ್ಷಣದವರೆಗೆ ಗೊತ್ತಿರಲಿಲ್ಲ. ಬಕೆಟ್ಟಿನ ತಳಕ್ಕೆ ಹಾಲು ಸುರ್ರನೆ ಬಿದ್ದ ಸದ್ದು ಕೇಳಿಸಿತು, ಮತ್ತೆ ನಿಲ್ಲಲಿಲ್ಲ.

ಹಾಲು ಕರೆದು ಮುಗಿದ ಮೇಲೂ ಅಕ್ಕ ಅಲ್ಲಾಡಲಿಲ್ಲ. ಟೋಪಿ ಓರೆಯಾಗಿತ್ತು, ಹಣೆಯನ್ನು ಪುಟ್ಟಮ್ಮನ ಹಣೆಗೆ ಒತ್ತಿದ್ದಳು.

"ಆರು ವಾರ ತಡ್ಕೊಳೇ" ಎನ್ನುತ್ತಿದ್ದಳು. "ಆಮೇಲೆ ನಾನೇ ಕರ್ಕೊಂಡ್ ಬಂದು ಬಿಡ್ತೀನಿ."