ಬೆಲ್ಲದ ಬೆಲೆಯೂ ನನ್ನ ಪಿಎಚ್.ಡಿ.ಯೂ

ಕೊಳ್ಳುವ ಯೋಚನೆಯಿಲ್ಲದೆ ಬರೀ ಬೆಲೆ ಕೇಳಿಕೊಂಡು ಸಂತೆ ಸುತ್ತುವವನಿಗೆ ಇಂಥ ಪ್ರಸಂಗಗಳು ಪುಕ್ಕಟೆಯಾಗಿ ಸಿಗುತ್ತಲೇ ಇರುತ್ತವೆ. ಶ್ರೀರಂಗಪಟ್ಟಣದ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕ. ಪಿಎಚ್.ಡಿ. ಆದರೆ ಖಾಯಂ ಕೆಲಸದ ಆಸೆ, ಆಗದಿದ್ದರೆ ಸಾಯುವ ತನಕ ಅತಿಥಿ. ವಾರವಾರ ಬೆಲ್ಲದ ಬೆಲೆ ಹೇಗೆ ಏರಿಳಿಯುತ್ತದೆ, ಮುಂದಿನದನ್ನು ಅಂದಾಜು ಮಾಡಬಹುದೇ ಎಂಬುದೇ ನನ್ನ ವಿಷಯ.

ಕಿಕ್ಕೇರಿಯ ನೇರ ಗೆರೆ

ಕಿಕ್ಕೇರಿ ಸಂತೆಯಲ್ಲಿ ಬೆಲ್ಲ ಮಾರುವ ಅಜ್ಜಿಯನ್ನು ವಾರ ತಪ್ಪದೆ ಬೆಲೆ ಕೇಳುತ್ತಿದ್ದೆ. ಯುಗಾದಿ ಬಂತು, ಗೌರಿ ಹಬ್ಬ ಹೋಯಿತು, ಬೆಲೆ ಮಾತ್ರ ಅಲ್ಲಾಡಲಿಲ್ಲ. ಕಂಪ್ಯೂಟರಿಗೆ ಹಾಕಿದರೆ ಇಸ್ತ್ರಿ ಹೊಡೆದಂಥ ಗೆರೆ. "ಇದು ಬೆಲೆಯೋ, ಬೇಲಿ ತಂತಿಯೋ?" ಎಂದು ನನ್ನ ಗೈಡು ರೇಗಿದರು.

ಅಜ್ಜಿಯನ್ನೇ ಕೇಳಿದೆ.

"ರೇಟು ಏರ್ದೆ ಇರ್ತದಾ ಸಾಮಿ? ಊರಿಗೆಲ್ಲ ಏರ್ಸಿವ್ನಿ. ನೀವು ವಾರ್ವಾರ ಬಂದು ಕೇಳ್ಬುಟ್ಟು, ಒಂದಚ್ಚೂ ತಗಳ್ದೆ ಮೊಕ ಸಣ್ಣಗ್ ಮಾಡ್ಕೊಂಡು ಓಯ್ತಿದ್ರಿ. ಪಾಪ ಅನ್ನುಸ್ತು. ಅದ್ಕೇ ನಿಮ್ಗೆ ಮಾತ್ರ ಅಳೇ ರೇಟೇ ಯೋಳ್ತಿವ್ನಿ."

ನಾಚಿಕೆಯಾಗಿ ಅವತ್ತು ಒಂದು ಅಚ್ಚು ಕೊಂಡೆ. ಅಜ್ಜಿ ಹೊಸ ರೇಟು ಹಾಕಿದಳು.

ನಾಗಮಂಗಲದ ಖಾಲಿ ವಾರ

ನಾಗಮಂಗಲದ ಅಂಗಡಿಯೊಂದು ಒಂದು ವಾರ ಬಾಗಿಲು ಹಾಕಿತ್ತು. ಆ ವಾರದ ಬೆಲೆಯನ್ನು ಹೇಗಾದರೂ ಅಂದಾಜು ಮಾಡಿ ತುಂಬಲೇಬೇಕು. ಅಂಗಡಿಯವರನ್ನು ಕೇಳಿದೆ: "ಹೋದ ವಾರ ತೆಗೆದಿದ್ದರೆ ಬೆಲ್ಲ ಎಷ್ಟಿರುತ್ತಿತ್ತು?"

"ತೆಗ್ದಿದ್ರೆ ನೀವ್ ಬತ್ತಿದ್ರಾ?"

"ಬರುತ್ತಿದ್ದೆ."

"ತಗತಿದ್ರಾ?"

"ಇಲ್ಲ."

"ಮತ್ತೆ ನಿಮ್ಗೆ ನಾನ್ ತೆಗುದ್ರೇನು, ಮುಚ್ಚುದ್ರೇನು?"

ಪಾಂಡವಪುರದ ಕಾಲ್ಗುಣ

ಪಾಂಡವಪುರದ ಕಡೆ ಆಲೆಮನೆಯ ಯಜಮಾನರೊಬ್ಬರು ವಾರವಾರ ಫೋನಿನಲ್ಲೇ ಬೆಲ್ಲದ ಬೆಲೆ ಹೇಳುತ್ತಿದ್ದರು. ಬಿಡುವಾದಾಗ ಮಾತ್ರ ನಾನೇ ಹೋಗುತ್ತಿದ್ದೆ. ಯಾವುದರ ಬೆನ್ನಿಗೆ ಯಾವುದು ಬರುತ್ತದೆ ಎಂದು ಪತ್ತೆ ಹಚ್ಚುವ ಒಂದು ಪರೀಕ್ಷೆ ಸಂಖ್ಯಾಶಾಸ್ತ್ರದಲ್ಲಿದೆ. ಕುತೂಹಲಕ್ಕೆ ನನ್ನ ಭೇಟಿಗಳನ್ನೂ ಅದಕ್ಕೆ ಹಾಕಿ ನೋಡಿದೆ. ನಾನು ಹೋದ ಬೆನ್ನಿಗೇ ಬೆಲೆ ಏರಿತ್ತು!

ತಮಾಷೆಗೆಂದು ಯಜಮಾನರಿಗೆ ಹೇಳಿದೆ. ಅವರು ನಗಲಿಲ್ಲ. ಮಾರನೇ ವಾರ ಬಾಬುರಾಯನಕೊಪ್ಪಲಿನ ನಮ್ಮ ಮನೆ ಮುಂದೆ, ನನ್ನನ್ನು ಕರೆದೊಯ್ಯಲು ಟ್ರಾಕ್ಟರು ಬಂದು ನಿಂತಿತ್ತು.

ಕೊನೆಗೆ ಬಹಿರಂಗ ಮೌಖಿಕ ಪರೀಕ್ಷೆಯ ದಿನ ಬಂತು. ಹಿಂದಿನ ಸಾಲಿನಲ್ಲಿ ಯಜಮಾನರು ಊರವರೊಡನೆ ಕೂತಿದ್ದರು. ಬೆಂಬಲಕ್ಕೆ ಬಂದಿದ್ದಾರೆಂದು ನನಗೆ ಕಣ್ತುಂಬಿತು.

"ನೀವು ಹೋದರೆ ಬೆಲೆ ಏರುತ್ತದೆಯೇ?" ಎಂದರು ಪರೀಕ್ಷಕರು, ನನ್ನ ಪ್ರಬಂಧದ ಪುಟವೊಂದನ್ನು ತೋರಿಸಿ.

"ಇಲ್ಲ ಸಾರ್. ನನಗೆ ಬಿಡುವು ಸಿಗುವುದು ಹಬ್ಬದ ಹಿಂದಿನ ವಾರ. ಬೆಲೆ ಏರುವುದು ಹಬ್ಬಕ್ಕೆ, ನನ್ನಿಂದಲ್ಲ."

ಪರೀಕ್ಷಕರು ತಲೆದೂಗಿದರು. ಅಷ್ಟರಲ್ಲಿ ಯಜಮಾನರು ಎದ್ದು ಕೈಮುಗಿದರು.

"ಬುದ್ಧಿ, ಇವ್ರುನ್ನ ಈ ಸಲ ಫೇಲ್ ಮಾಡ್ಬುಡಿ. ಪಾಸಾಗ್ಬುಟ್ರೆ ನಮ್ಮೂರ್ ಕಡೀಕೆ ತಿರುಗೂ ನೋಡಾಕಿಲ್ಲ. ನಮ್ ಬೆಲ್ಲ ಮಕಾಡೆ ಬಿದ್ದೋಯ್ತದೆ!"

ಪುಣ್ಯಕ್ಕೆ ಪರೀಕ್ಷಕರು ಪಾಸು ಮಾಡಿದರು. ಆಮೇಲೆ ಟೀ ಕುಡಿಯುವಾಗ ನನ್ನನ್ನು ಪಕ್ಕಕ್ಕೆ ಕರೆದು, ಅತ್ತಿತ್ತ ನೋಡಿ, ಮೆಲ್ಲಗೆ ಹೇಳಿದರು:

"ಊರಲ್ಲಿ ನಮ್ಮದೂ ಸ್ವಲ್ಪ ಕಬ್ಬಿದೆ. ಒಂದು ಸಲ ಬಂದು ಹೋಗಿ."