ವಿನ್ಸೆಂಟನ ಬಾರಿನಲ್ಲಿ ನಮ್ಮ ದೋಸೆಹಿಟ್ಟು

ಪರದೇಶಕ್ಕೆ ಹೋದ ಮನುಷ್ಯ ಬಹಳ ಬೇಗ ಬದಲಾಗುತ್ತಾನೆ, ದೋಸೆಹಿಟ್ಟು ಬದಲಾಗುವುದಿಲ್ಲ. ನನ್ನನ್ನೇ ನೋಡಿ. ಅಮೆರಿಕಕ್ಕೆ ಬಂದ ಮೊದಲ ವರ್ಷದಲ್ಲೇ ಟೈ ಕಟ್ಟುವುದನ್ನು ಕಲಿತೆ, ಹಿಮದ ಮೇಲೆ ಜಾರದೆ ನಡೆಯುವುದನ್ನು ಕಲಿತೆ, ಅರ್ಥವಾಗದ ಜೋಕಿಗೆ ಎಲ್ಲರಿಗಿಂತ ಮೊದಲು ನಗುವುದನ್ನೂ ಕಲಿತೆ. ಹಿಟ್ಟು ಮಾತ್ರ ತನ್ನ ಮೈಸೂರಿನ ಹಟ ಬಿಡಲಿಲ್ಲ. ಬೆಚ್ಚಗಿಟ್ಟರೆ ಉಬ್ಬುತ್ತೇನೆ, ಇಲ್ಲದಿದ್ದರೆ ನಿಮ್ಮ ಹಣೆಬರಹ ಎಂದು ಪಾತ್ರೆಯ ತಳ ಹಿಡಿದು ಕೂತುಬಿಟ್ಟಿತು. ಅದನ್ನು ಒಲಿಸಿಕೊಳ್ಳಲು ಹೋಗಿ ನಾವು ಒಬ್ಬ ಸಜ್ಜನನ ಬದುಕನ್ನೇ ಬೀದಿಗೆ ತರುವುದರಲ್ಲಿದ್ದೆವು.

ಎಪ್ಪತ್ತರ ದಶಕದ ನಡುವಿನ ಮಾತು. ಹಡ್ಸನ್ ನದಿಯ ನ್ಯೂಜರ್ಸಿ ದಡದ ಒಂದು ಊರಿನಲ್ಲಿದ್ದೆವು. ಊರಿನ ಹೆಸರು ಬೇಡ, ಅಲ್ಲಿನ ಕೆಲವರು ಇನ್ನೂ ನನ್ನನ್ನು ಮರೆತಿರಲಾರರು. ನಾನು ಒಂದು ಸಾಬೂನು ಕಾರ್ಖಾನೆಯಲ್ಲಿ ಕೆಮಿಸ್ಟ್. ಮೂರಂತಸ್ತಿನ ಹಳೆಯ ಕಟ್ಟಡದ ಎರಡನೆಯ ಅಂತಸ್ತಿನಲ್ಲಿ ನಮ್ಮ ಸಂಸಾರ. ಕೆಳಗೆ ವಿನ್ಸೆಂಟನ ಬಾರ್. ಸಂಜೆಯಾದರೆ ಅಲ್ಲಿಗೆ ಬರುವವರೆಲ್ಲ ಗಂಡಸರೇ. ಇಸ್ತ್ರಿ ಮಾಡಿದ ಅಂಗಿ, ಮೆದು ಮಾತು, ಜಗಳವಿಲ್ಲ, ರಂಪವಿಲ್ಲ. ಇಬ್ಬಿಬ್ಬರಾಗಿ ಬರುತ್ತಿದ್ದ ಅವರನ್ನು ನಾನು ಬಹಳ ದಿನ ಅಣ್ಣತಮ್ಮಂದಿರೆಂದೇ ತಿಳಿದು, ಈ ದೇಶದಲ್ಲಿ ಕುಟುಂಬಪ್ರೇಮ ಇಲ್ಲವೆಂದು ಯಾರು ಹೇಳಿದರು ಎಂದುಕೊಳ್ಳುತ್ತಿದ್ದೆ. ಒಂದು ದಿನ ನನ್ನ ಹೆಂಡತಿ ವಿಮಲಾ ಕಾಫಿ ಸೋಸುತ್ತ, “ರೀ, ಅವ್ರು ಅಣ್ಣತಮ್ಮಂದಿರಲ್ಲ, ಜೋಡಿಗಳು. ಅದು ಗೇ ಬಾರು. ನಿಮಗಿನ್ನೂ ಗೊತ್ತಾಗ್ಲಿಲ್ವಾ?” ಎಂದಳು. ನಿನಗೆ ಯಾರು ಹೇಳಿದರು ಎಂದೆ. “ಯಾರು ಹೇಳ್ಬೇಕು? ಅಂಗಡೀಲಿ ಟೊಮೇಟೊ ಆರಿಸೋದು ನೋಡಿದ್ರೆ ಸಾಕು. ಜೊತೇಲಿ ಸಂಸಾರ ಮಾಡೋರು ಮಾತ್ರ ಒಂದು ಟೊಮೇಟೊಗೆ ಅಷ್ಟು ಜಗಳ ಆಡ್ತಾರೆ” ಎಂದಳು.

ವಿನ್ಸೆಂಟ್ ಐವತ್ತರ ಆಸುಪಾಸಿನ ದಪ್ಪ ಇಟಾಲಿಯನ್. ನಾನು ಯಾವ ಕಾಲೇಜಿನಲ್ಲೂ ಪಾಠ ಮಾಡಿದವನಲ್ಲ, ಆದರೂ ಕನ್ನಡಕ ನೋಡಿ ನನ್ನನ್ನು ಪ್ರೊಫೆಸರ್ ಎಂದೇ ಕರೆಯುತ್ತಿದ್ದ. ಬೀದಿಯಲ್ಲಿ ಹಿಮ ಬಿದ್ದರೆ ಮೊದಲು ಸಲಿಕೆ ಹಿಡಿದು ಹೊರಗೆ ಬರುವವರು ಅವನ ಗಿರಾಕಿಗಳು. ಮೂರನೆಯ ಅಂತಸ್ತಿನ ಪೋಲಿಷ್ ಮುದುಕಿ ಕಾಲು ಮುರಿದುಕೊಂಡಾಗ ದಿನಾ ಸೂಪು ಹೋಗುತ್ತಿದ್ದದ್ದು ಅವನ ಅಡಿಗೆಮನೆಯಿಂದ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಇಡೀ ಅಮೆರಿಕ ಅಪ್ಪ ಅಮ್ಮನ ಮನೆಗೆ ಊಟಕ್ಕೆ ಹೋದರೆ, ಅಪ್ಪ ಅಮ್ಮ ಬಾಗಿಲು ಹಾಕಿಕೊಂಡ ಮಕ್ಕಳಿಗೆಲ್ಲ ಅವನ ಬಾರಿನಲ್ಲಿ ಎಲೆ. ಒಂದು ವರ್ಷ ನಮ್ಮನ್ನೂ ಕರೆದ. ನಾವು ತಿನ್ನುವಂಥದ್ದು ಅಲ್ಲಿ ಬ್ರೆಡ್ಡು ಮತ್ತು ಆಲೂಗಡ್ಡೆ ಎರಡೇ ಇದ್ದವು. ಆದರೂ ಬಡಿಸಿದ ರೀತಿಗೆ ಹೊಟ್ಟೆ ತುಂಬಿತು.

ಇನ್ನು ಹಿಟ್ಟಿನ ವಿಷಯ. ನಮ್ಮ ಮನೆಯ ಮಾಲೀಕ ಮನೆ ಬೆಚ್ಚಗಿಡುವುದರಲ್ಲಿ ಮಹಾ ಜಿಪುಣ. ಜನವರಿಯಲ್ಲಿ ನಾವು ಮನೆಯೊಳಗೂ ಕೋಟು ಹಾಕಿಕೊಂಡು ಓಡಾಡುತ್ತಿದ್ದೆವು. ಹಿಟ್ಟಿನ ಪಾತ್ರೆಗೆ ಕಂಬಳಿ ಹೊದಿಸಿದ್ದಾಯಿತು, ರೇಡಿಯೋ ಮೇಲಿಟ್ಟದ್ದಾಯಿತು, ನಮ್ಮಿಬ್ಬರ ನಡುವೆ ಮಲಗಿಸಿಕೊಂಡದ್ದೂ ಆಯಿತು. ಏನೂ ಫಲವಿಲ್ಲ. ಕೊನೆಗೊಂದು ಶನಿವಾರ ವಿಮಲಾ ಪಾತ್ರೆ ಎತ್ತಿಕೊಂಡು ಕೆಳಗಿಳಿದು ಹೋಗಿ, ವಿನ್ಸೆಂಟನ ನೆಲಮಾಳಿಗೆಯ ಬಾಯ್ಲರ್ ಪಕ್ಕ ಇಟ್ಟು ಬಂದಳು. ಭಾನುವಾರ ಬೆಳಗ್ಗೆ ಹಿಟ್ಟು ಮುಚ್ಚಳ ಎತ್ತಿ ಇಣುಕುತ್ತಿತ್ತು. ಅಂದಿನಿಂದ ಪ್ರತಿ ಚಳಿಗಾಲವೂ ಇದೇ ಪದ್ಧತಿಯಾಯಿತು. ಹಿಟ್ಟು ಉಬ್ಬಿತೇ ಎಂದು ವಿಚಾರಿಸುವುದು ಬಾರಿನವರಿಗೆಲ್ಲ ಅಭ್ಯಾಸವಾಯಿತು. ಭಾನುವಾರ ಮಧ್ಯಾಹ್ನ ಕೆಳಗೆ ಒಂದು ತಟ್ಟೆ ದೋಸೆ ಹೋಗುತ್ತಿತ್ತು.

ಪಾತ್ರೆ ತರುವ ಕೆಲಸ ನನ್ನದು. ಅದಕ್ಕೆ ನಾನು ಮಂಕಿ ಕ್ಯಾಪ್ ಹಾಕಿ, ಮಫ್ಲರ್ ಸುತ್ತಿ, ಕಣ್ಣು ಮಾತ್ರ ಬಿಟ್ಟುಕೊಂಡು ಹಿಂಬಾಗಿಲಿನಿಂದ ಹೋಗುತ್ತಿದ್ದೆ. ಚಳಿಗಲ್ಲ, ಹೆದರಿಕೆಗೆ. ನನ್ನ ಗ್ರೀನ್ ಕಾರ್ಡ್ ಅರ್ಜಿ ಆಗ ಇಮಿಗ್ರೇಷನ್ ಕಚೇರಿಯಲ್ಲಿತ್ತು. ಗಂಡಸನ್ನು ಪ್ರೀತಿಸುವ ಗಂಡಸಿಗೆ ಆ ಕಾಲದಲ್ಲಿ ಈ ದೇಶ ವೀಸಾವನ್ನೇ ಕೊಡುತ್ತಿರಲಿಲ್ಲ. ಯಾರಾದರೂ ನನ್ನನ್ನು ಆ ಬಾಗಿಲಲ್ಲಿ ನೋಡಿ ಒಂದು ಮಾತು ಆಡಿದರೆ, ದೋಸೆ ಎಂದು ನಾನು ಎಷ್ಟು ಬೊಬ್ಬೆ ಹೊಡೆದರೂ ನಂಬುವವರು ಯಾರು?

ಒಂದು ಶನಿವಾರ ಸಂಜೆ ಊರಿನ ಮದ್ಯದ ಲೈಸೆನ್ಸ್ ನೋಡಿಕೊಳ್ಳುವ ಮಂಡಲಿಯಿಂದ ಇಬ್ಬರು ಇನ್ಸ್‌ಪೆಕ್ಟರುಗಳು ಬಾರಿಗೆ ಬಂದರು. ಅಂಥ ಗಂಡಸರು ಸೇರುತ್ತಾರೆ ಎಂಬ ಒಂದೇ ಕಾರಣಕ್ಕೆ ಬಾರ್ ಮುಚ್ಚಿಸುವಂತಿಲ್ಲ ಎಂದು ನಮ್ಮ ರಾಜ್ಯದ ಕೋರ್ಟು ಅಷ್ಟರಲ್ಲಿ ಹೇಳಿತ್ತು. ಹಾಗಾಗಿ ಮುಚ್ಚಿಸಬೇಕೆಂದಿದ್ದವರು ಬೇರೆ ಕಾರಣ ಹುಡುಕುತ್ತಿದ್ದರು. ನೆಲಮಾಳಿಗೆಯಿಂದ ಹುಳಿ ವಾಸನೆ ಬರುತ್ತದೆ, ಮುಖ ಮುಚ್ಚಿಕೊಂಡ ಪರದೇಶದವನೊಬ್ಬ ಬೆಳಗ್ಗೆ ಬೆಳಗ್ಗೆಯೇ ಏನನ್ನೋ ಹೊತ್ತುಕೊಂಡು ಹೋಗುತ್ತಾನೆ ಎಂದು ಬೀದಿಯವರು ಯಾರೋ ದೂರು ಕೊಟ್ಟಿದ್ದರು. ಇನ್ಸ್‌ಪೆಕ್ಟರುಗಳು ನೆಲಮಾಳಿಗೆಗೆ ಇಳಿದು ಪಾತ್ರೆಯ ಮುಚ್ಚಳ ತೆಗೆದರು. ಒಳಗೆ ಬಿಳಿಯ ದ್ರವ, ಗುಳುಗುಳು ಗುಳ್ಳೆ. ಪಾತ್ರೆಯ ಕಂಠದ ಸುತ್ತ ಚುಕ್ಕೆ ಚುಕ್ಕೆಯಾಗಿ ಕೊರೆದ ಯಾವುದೋ ಗುಪ್ತ ಲಿಪಿ. ಕದ್ದು ಸಾರಾಯಿ ಕಾಯಿಸುವುದಕ್ಕೆ ಏನನ್ನೋ ಹುಳಿ ಬರಿಸಲು ಇಟ್ಟಿದ್ದಾರೆ ಎಂದು ಬರೆದುಕೊಂಡು, ಪಾತ್ರೆಯನ್ನು ಸಾಕ್ಷಿಯಾಗಿ ಹೊತ್ತೊಯ್ದರು. ಗುರುವಾರ ಸಂಜೆ ವಿಚಾರಣೆ, ಅಂದೇ ಲೈಸೆನ್ಸ್ ಉಳಿಯುವುದೋ ಹೋಗುವುದೋ ತೀರ್ಮಾನ.

ವಿನ್ಸೆಂಟ್ ಮೇಲೆ ಬಂದು ನಮ್ಮ ಅಡಿಗೆಮನೆಯ ಸ್ಟೂಲಿನ ಮೇಲೆ ಕೂತ. “ಪ್ರೊಫೆಸರ್, ಅದು ಊಟದ ಪದಾರ್ಥ ಅಂತ ನೀವು ಬಂದು ಹೇಳಿದರೆ ನನ್ನ ಬಾರ್ ಉಳಿಯಬಹುದು. ಆದರೆ ಪತ್ರಿಕೆಯವರು ಬಂದಿರುತ್ತಾರೆ. ಹೀಗೆ ಹೆಸರು ಬಂದು ಕೆಲಸ ಕಳೆದುಕೊಂಡವರು ನನ್ನ ಗಿರಾಕಿಗಳಲ್ಲೇ ಇದ್ದಾರೆ. ನೀವು ಬರದಿದ್ದರೂ ನಾನು ತಪ್ಪು ತಿಳಿಯುವುದಿಲ್ಲ” ಎಂದ. ಅದನ್ನು ಕೇಳಿ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಈಸ್ಟ್ ಬ್ರನ್ಸ್‌ವಿಕ್‌ನಲ್ಲಿದ್ದ ಗುಂಡೂರಾಯರು ನಮ್ಮ ಹತ್ತಾರು ಕನ್ನಡ ಸಂಸಾರಗಳಿಗೆ ಹಿರಿಯರು. ಅವರಿಗೆ ಫೋನ್ ಮಾಡಿದೆ. “ಲೋ, ನಿನಗೇನು ತಲೆ ಕೆಟ್ಟಿದೆಯೇನೋ? ಗ್ರೀನ್ ಕಾರ್ಡ್ ಕೈಗೆ ಬರೋವರೆಗೂ ಬಾಯಿ ಹೊಲಿದುಕೊಂಡಿರು. ಒಂದು ವಾರ ಉಪ್ಪಿಟ್ಟು ತಿಂದ್ರೆ ಸಾಯ್ತೀಯಾ?” ಎಂದರು. ಇದನ್ನು ವಿಮಲಾಗೆ ಹೇಳಿದೆ. ಅವಳು ಒಲೆ ಆರಿಸಿ ನನ್ನ ಕಡೆ ತಿರುಗಿದಳು. “ಹಿಟ್ಟು ನಮ್ಮದು ತಾನೇ? ಪಾಪ, ಅವನು ಜಾಗ ಕೊಟ್ಟಿದ್ದಕ್ಕೆ ಅವನ ಅಂಗಡಿ ಹೋಗ್ಬೇಕಾ? ನೀವು ಬಂದ್ರೆ ಬನ್ನಿ, ನಾನಂತೂ ಹೋಗ್ತೀನಿ.”

ಹೋದೆವು. ಟೌನ್ ಹಾಲಿನಲ್ಲಿ ಎಡಗಡೆ ಬಾರ್ ಮುಚ್ಚಬೇಕೆನ್ನುವ ಬೀದಿಯವರು. ಬಲಗಡೆ ವಿನ್ಸೆಂಟನ ಗಿರಾಕಿಗಳು. ಸದಾ ಹೆಗಲ ಮೇಲೆ ಕೈ ಹಾಕಿಕೊಂಡು ಹರಟುತ್ತಿದ್ದವರು ಅಂದು ಒಬ್ಬರಿಗೊಬ್ಬರು ಪರಿಚಯವೇ ಇಲ್ಲದವರ ಹಾಗೆ ನಡುವೆ ಕುರ್ಚಿ ಬಿಟ್ಟು ಬಿಗಿಯಾಗಿ ಕೂತಿದ್ದರು. ಪತ್ರಿಕೆಯವನ ಕ್ಯಾಮೆರಾ ಮೇಲೆದ್ದಾಗಲೆಲ್ಲ ಅವರ ತಲೆ ಕೆಳಗಾಗುತ್ತಿತ್ತು, ಜೊತೆಗೆ ನನ್ನದೂ. ಚಳಿಗಾಲದಲ್ಲಿ ವಾರಕ್ಕೊಮ್ಮೆ ಒಂದು ಪಾತ್ರೆ ತರಲು ನಾನು ಪಡುತ್ತಿದ್ದ ಹೆದರಿಕೆಯನ್ನು ಇವರು ಹುಟ್ಟಿದಾಗಿನಿಂದ ಮುನ್ನೂರರವತ್ತೈದು ದಿನವೂ ಪಡುತ್ತಿದ್ದಾರೆ ಎಂದು ನನಗೆ ಆಗ ಹೊಳೆಯಿತು. ನಾಚಿಕೆಯಾಯಿತು. ಏನಾದರೂ ಆಗಲಿ, ಇವತ್ತು ಇದ್ದದ್ದು ಇದ್ದ ಹಾಗೆ ಹೇಳಿಯೇ ಬಿಡುತ್ತೇನೆ ಎಂದು ನಿಶ್ಚಯಿಸಿದೆ. ವಿನ್ಸೆಂಟನ ಪಾಲಿಗೆ ಅದಕ್ಕಿಂತ ದೊಡ್ಡ ಗಂಡಾಂತರ ಆ ಸಂಜೆ ಇನ್ನೊಂದಿರಲಿಲ್ಲ.

ಊರಿನ ವಕೀಲ ನನ್ನನ್ನು ನಿಲ್ಲಿಸಿ, ಪಾತ್ರೆಯಲ್ಲಿರುವುದು ಏನು ಎಂದು ಕೇಳಿದ. ಅಕ್ಕಿ, ಉದ್ದಿನಬೇಳೆ, ನೀರು ಎಂದೆ. “ಅದು ಹುದುಗುತ್ತದೆಯೇ?” ಹುದುಗುತ್ತದೆ ಎಂದೆ. “ಯೀಸ್ಟ್ ಇರುತ್ತದೆಯೇ?” ಇರುತ್ತದೆ, ಗಾಳಿಯಿಂದಲೇ ಬರುತ್ತದೆ ಎಂದೆ. “ನೀವು ಕೆಮಿಸ್ಟ್. ಯೀಸ್ಟ್ ಹುದುಗಿದರೆ ಆಲ್ಕೋಹಾಲ್ ಬರುತ್ತದೆಯೇ?” ಇಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಹದಿನೈದು ವರ್ಷದ ವಿದ್ಯಾಭ್ಯಾಸ ಸುಮ್ಮನಿರಲು ಬಿಡಬೇಕಲ್ಲ. ತಾತ್ವಿಕವಾಗಿ ನೋಡಿದರೆ ಅತ್ಯಲ್ಪ ಪ್ರಮಾಣದಲ್ಲಿ ಬರಲು ಸಾಧ್ಯವಿದೆ, ಆದರೆ ಬ್ಯಾಕ್ಟೀರಿಯಾಗಳು ತಯಾರಿಸುವ ಆಮ್ಲವೇ ಹೆಚ್ಚು ಎಂದು ವಿವರಿಸತೊಡಗಿದೆ. “ಹೌದೋ ಅಲ್ಲವೋ, ಅಷ್ಟು ಹೇಳಿ.” ಹೌದು ಎಂದೆ. ಎಡಗಡೆಯ ಸಾಲುಗಳಲ್ಲಿ ಗುಜುಗುಜು ಎದ್ದಿತು. ವಿನ್ಸೆಂಟ್ ಕಣ್ಣು ಮುಚ್ಚಿಕೊಂಡ. ಅವನ ಪಕ್ಕದಲ್ಲಿದ್ದ ಬಿಳಿ ಕೂದಲಿನವನು ಅಷ್ಟೊತ್ತು ಬಿಟ್ಟಿದ್ದ ಅಂತರ ಮರೆತು ಅವನ ಕೈ ಹಿಡಿದುಕೊಂಡ. ಅಂಗಡಿಯಲ್ಲಿ ಟೊಮೇಟೊಗೆ ಜಗಳವಾಡುತ್ತಿದ್ದ ಜೋಡಿ ಯಾವುದೆಂದು ನನಗೆ ತಿಳಿದದ್ದು ಆಗಲೇ. ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಅಷ್ಟರಲ್ಲಿ ಸಾಕ್ಷಿಯನ್ನು ತಂದು ಮೇಜಿನ ಮೇಲಿಟ್ಟರು. ಶನಿವಾರದಿಂದ ಗುರುವಾರದವರೆಗೆ ಅದನ್ನು ಕಚೇರಿಯ ಕೋಣೆ ಕಾಯಿಸುವ ರೇಡಿಯೇಟರ್ ಪಕ್ಕದಲ್ಲೇ ಇಟ್ಟಿದ್ದರಂತೆ. ಮಂಡಲಿಯ ಅಧ್ಯಕ್ಷರು ತೆಗೆಯಿರಿ ಎಂದರು, ಇನ್ಸ್‌ಪೆಕ್ಟರ್ ಮುಚ್ಚಳ ತೆಗೆದ. ಆ ವಾಸನೆಯನ್ನು ನಾನು ವರ್ಣಿಸಲಾರೆ. ಮುಂದಿನ ಸಾಲಿನವರು ಎದ್ದು ಹಿಂದಕ್ಕೆ ಹೋದರು. ಹಿಂದಿನ ಸಾಲಿನಿಂದ ಎದ್ದು ಮುಂದಕ್ಕೆ ಬಂದವಳು ವಿಮಲಾ ಒಬ್ಬಳೇ. ಅವಳನ್ನು ಯಾರೂ ಕರೆದಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪಾತ್ರೆಯೊಳಗೆ ಬಗ್ಗಿ ನೋಡಿದಳು. ಹಸಿರು, ಕಪ್ಪು, ಗುಲಾಬಿ, ಮೂರು ಬಣ್ಣದ ಬೂಷ್ಟು.

“ಇಷ್ಟು ದಿನ ಹೊರಗೇ ಇಟ್ಟಿದ್ದೀರಾ?” ಎಂದು ಅವಳು ಇಂಗ್ಲಿಷಿನಲ್ಲಿ ಶುರುಮಾಡಿದಳು. “ಫ್ರಿಜ್ಜಿನಲ್ಲಿ ಇಡಬೇಕು ಅಂತ ಹೊಳೆಯಲಿಲ್ಲವೇ? ನಿಮ್ಮ ಮನೆಯಲ್ಲಿ ಯಾರೂ ಅಡಿಗೆ ಮಾಡುವುದಿಲ್ಲವೇ? ಈ ಬೇಳೆ ತರಲು ನಾನು ನದಿ ದಾಟಿ ನ್ಯೂಯಾರ್ಕಿಗೆ ಹೋಗುತ್ತೇನೆ.” ಇಲ್ಲಿಂದ ಮುಂದೆ ಕೋಪಕ್ಕೆ ಇಂಗ್ಲಿಷ್ ಸಾಲದೆ, “ಅನ್ನದ ಬೆಲೆ ಗೊತ್ತಿಲ್ದೋರು. ಥೂ, ನೋಡಿ ಹೇಗೆ ಹಾಳ್ಮಾಡಿಟ್ಟಿದ್ದಾರೆ” ಎಂದು ಕನ್ನಡದಲ್ಲೇ ಬೈದಳು. ಅಧ್ಯಕ್ಷರು ಸುತ್ತಿಗೆ ಕುಟ್ಟುವುದನ್ನೂ ಮರೆತು, ಪಾತ್ರೆಯ ಮೇಲೆ ಬರೆದಿರುವುದು ಏನು ಎಂದು ಮೆಲ್ಲಗೆ ಕೇಳಿದರು. “ನನ್ನ ಹೆಸರು. ಮದುವೆಯಲ್ಲಿ ನಮ್ಮ ಸೋದರಮಾವ ಕೊಟ್ಟದ್ದು. ನಮ್ಮಲ್ಲಿ ಪಾತ್ರೆ ಮೇಲೆ ಹೆಸರು ಹಾಕಿಸುತ್ತೇವೆ, ಕಳುವಾಗದಿರಲಿ ಅಂತ.” ಮತ್ತೆ ಧ್ವನಿ ಏರಿತು. “ಎಷ್ಟೋ ಚಳಿಗಾಲದಿಂದ ಇದನ್ನು ಆ ಮನುಷ್ಯನ ಹತ್ತಿರ ಬಿಟ್ಟಿದ್ದೇನೆ. ಒಂದು ದಿನವೂ ಕೆಟ್ಟಿಲ್ಲ. ನಿಮ್ಮ ಕೈಗೆ ಬಂದದ್ದು ಒಂದೇ ಸಲ. ಹಿಟ್ಟೇನು, ನಮ್ಮ ಮನೆಯ ಇನ್ನೊಂದು ಬೀಗದ ಕೈ ಕೂಡ, ನಮ್ಮದು ಕಳೆದರೆ ಇರಲಿ ಅಂತ, ಅವನ ಹತ್ತಿರವೇ ಇದೆ. ಇಲ್ಲಿ ಕೂತವರಲ್ಲಿ ಯಾರ ಮನೆಯದು ಅಲ್ಲಿಲ್ಲ, ಕೇಳಿ ನೋಡಿ.”

ಅಧ್ಯಕ್ಷರು ಕೇಳಿದರು. ಎಡಗಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮೂರನೆಯ ಅಂತಸ್ತಿನ ಪೋಲಿಷ್ ಮುದುಕಿ ಕೋಲು ಊರಿಕೊಂಡು ಎದ್ದು ಕೈ ಎತ್ತಿದಳು. ಅವಳು ಕೂತಿದ್ದದ್ದು ಎಡಗಡೆ. ಅವಳ ಹಿಂದೆ ಕಟುಕನ ಅಂಗಡಿಯವನು, ಅವನ ಹೆಂಡತಿ, ಮೂಲೆಮನೆಯ ಫೈರ್‌ಮನ್ ಒಬ್ಬೊಬ್ಬರಾಗಿ, ಅತ್ತಿತ್ತ ನೋಡುತ್ತ ಕೈ ಎತ್ತಿದರು. ಬಾರ್ ಮುಚ್ಚಬೇಕೆಂಬ ಅರ್ಜಿಗೆ ಸಹಿ ಹಾಕಿ ಬಂದವರಲ್ಲಿ ಅರ್ಧದಷ್ಟು ಜನರ ಬೀಗದ ಕೈಗಳು ಅದೇ ಬಾರಿನ ಗಲ್ಲಾದ ಹಿಂದೆ ಮೊಳೆಗೆ ನೇತಾಡುತ್ತಿದ್ದವು. ತಾವೇ ಎತ್ತಿದ ಕೈಗಳನ್ನು ನೋಡಿ ಅವರಿಗೇ ನಗು ಬಂತು. ಬಲಗಡೆಯವರು ಮಾತ್ರ ನಗಲಿಲ್ಲ. ಒಂದಿಬ್ಬರು ಕರವಸ್ತ್ರ ತೆಗೆದರು.

ಲೈಸೆನ್ಸ್ ಉಳಿಯಿತು. ತಿಂಗಳುಗಳ ಮೇಲೆ ನನ್ನ ಗ್ರೀನ್ ಕಾರ್ಡೂ ಬಂತು, ಇಮಿಗ್ರೇಷನ್‌ನವರು ದೋಸೆಯ ಸುದ್ದಿಯನ್ನೇ ಎತ್ತಲಿಲ್ಲ. ಗುಂಡೂರಾಯರು ಹಾಗಾದರೆ ಹಿಟ್ಟು ಈಗ ಎಲ್ಲಿ ಉಬ್ಬುತ್ತದೆ ಎಂದು ವಿಚಾರಿಸಿದರು, ಅವರ ಮನೆಯಲ್ಲೂ ಅದೇ ತೊಂದರೆಯಂತೆ. ಆ ಸಂಜೆ ತೀರ್ಪು ಓದುವಾಗ ಅಧ್ಯಕ್ಷರು ಸಭೆಯ ಮುಂದೆ ಒಂದು ಮಾತು ಸ್ಪಷ್ಟಪಡಿಸಿದರು: ಶ್ರೀಮತಿಯವರ ಹೇಳಿಕೆಯನ್ನು ಪೂರ್ತಿಯಾಗಿ ಒಪ್ಪಲಾಗಿದೆ, ಅವರ ಪತಿ ಹೇಳಿದ ಯಾವುದನ್ನೂ ಗಣನೆಗೆ ತೆಗೆದುಕೊಂಡಿಲ್ಲ. ಇಡೀ ಹಾಲ್ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ಮನೆಗೆ ನಡೆದು ಬರುವಾಗ, ಇಷ್ಟು ಓದಿದವನ ಮಾತಿಗೆ ಹೀಗೆ ಮಾಡಬಹುದೇ ಎಂದು ಮೆಲ್ಲಗೆ ಗೊಣಗಿದೆ. ವಿಮಲಾ ಖಾಲಿ ಪಾತ್ರೆಯನ್ನು ನನ್ನ ಕೈಗೆ ಕೊಟ್ಟು, “ಅವ್ರಿಗೆ ಅದು ಇವತ್ತು ಗೊತ್ತಾಯ್ತು. ನಾನು ಮದುವೆ ಆದಾಗಿಂದ ಹಾಗೇ ಮಾಡ್ಕೊಂಡು ಬಂದಿದೀನಿ” ಎಂದಳು.